ಪಾತಾಳದಲ್ಲೊಂದು ಚೌಕಶಿ

ನಮ್ಮ ಮನೆತನದಲ್ಲಿ ಗಂಡು ನೋಡುವುದೆಂದರೆ ಮೊದಲು ನಾನು ನೋಡುವುದು. ಹುಡುಗಿ ನೋಡುವುದು ಆಮೇಲೆ. ಫೋಟೋ, ಬಯೋಡಾಟಾ ಎಲ್ಲ ಕೂಡಿ ಬಂದು, ಇನ್ನೇನು ಕನ್ಯೆ ತೋರಿಸುವ ದಿನ ಗೊತ್ತು ಮಾಡಬೇಕು ಎನ್ನುವಾಗ ನನ್ನ ತಮ್ಮ ದ್ಯಾಮಣ್ಣ ಬಂದು, "ಅಕ್ಕಾ, ಒಂದೀಟು ಚೌಕಶಿ ಮಾಡಿ ಬಾರವಾ," ಎನ್ನುತ್ತಾನೆ. ಚೌಕಶಿ ಎಂದರೆ ಹುಡುಗನಿಗೆ ಸುಳಿವು ಸಿಗದ ಹಾಗೆ ಅವನ ಬಗ್ಗೆ ವಿಚಾರಿಸುವುದು. ಹಾಲಿನವಳನ್ನು ಕೇಳುವುದು, ಹಿಟ್ಟಿನ ಗಿರಣಿಯವನನ್ನು ಕೇಳುವುದು, ಮುಸುರೆ ತಿಕ್ಕುವವಳ ಜೊತೆ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುವುದು. ಈ ಕೆಲಸಕ್ಕೆ ಗೌರಕ್ಕನೇ ಸರಿ ಎಂದು ನಮ್ಮ ಬಳಗವೆಲ್ಲ ಒಪ್ಪಿಕೊಂಡಿದೆ. ಹಿಂದಿನಿಂದ ನನ್ನನ್ನು ಏನೆಂದು ಕರೆಯುತ್ತಾರೆ ಎಂಬುದೂ ನನಗೆ ಗೊತ್ತು.

ಹುಬ್ಬಳ್ಳಿ ಬದಿಯ ಗಬ್ಬೂರಿನಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ಅಂಡಿಗೆಯ, ಅಂದರೆ ಹತ್ತಿ ಮೂಟೆಯ, ಬಾಯಲ್ಲಿ ಯಾವಾಗಲೂ ಬೆಳ್ಳನೆಯ ಹತ್ತಿಯೇ ಇರುತ್ತದೆ. ತೋಳಿನ ಮಟ ಕೈ ಹಾಕಿ ನಡುವಿನದನ್ನು ಹಿರಿದಾಗಲೇ ಕಸ ಕಾಣುವುದು. ಗಂಡಸರದೂ ಇದೇ ಕಥೆ. ನನ್ನ ಮದುವೆಯಲ್ಲಿ ಯಾರೂ ಹೀಗೆ ಕೈ ಹಾಕಿ ನೋಡಲಿಲ್ಲ. ನನ್ನ ಗಂಡ ಗೆಲ್ಲುತ್ತಿರುವಾಗ ದೇವರಂಥ ಮನುಷ್ಯ. ಒಮ್ಮೆ ಬೀಗರೆಲ್ಲ ಕೂತಿದ್ದಾಗ ಕೇರಂ ಆಟದಲ್ಲಿ ನನ್ನ ಕೈಯಲ್ಲಿ ಸೋತ. ಎದ್ದವನೇ ಬೋರ್ಡು ಎತ್ತಿ ಒಗೆದ. ನನ್ನ ಹುಬ್ಬಿಗೆ ಹೊಲಿಗೆ ಬಿತ್ತು. ಅವನು ತೀರಿಹೋಗಿ, ನಾನು ತಮ್ಮನ ಮನೆ ಸೇರಿ ಬಹಳ ವರ್ಷವಾಯಿತು. ಆದರೆ ಅಂದಿನಿಂದ ನನಗೆ ಗೆಲ್ಲುವ ಗಂಡಸರನ್ನು ನೋಡುವುದರಲ್ಲಿ ಆಸಕ್ತಿಯಿಲ್ಲ. ಸೋತಾಗ ಏನು ಮಾಡುತ್ತಾನೆ, ಅಷ್ಟು ತೋರಿಸಿ ಸಾಕು.

ದ್ಯಾಮಣ್ಣನ ಒಬ್ಬಳೇ ಮಗಳು ಸೌಂದರ್ಯಾ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಬಂದ ಎರಡು ಸಂಬಂಧಗಳನ್ನು ನಾನೇ ಮುರಿದೆ. ಒಬ್ಬ ಪಲ್ಯಕ್ಕೆ ಉಪ್ಪು ಕಡಿಮೆಯಾಯಿತೆಂದು ತಾಯಿಯ ಮುಂದೆ ತಾಟು ಒಗೆದಿದ್ದ. ಇನ್ನೊಬ್ಬ ಸ್ಕೂಟರಿಗೆ ಸೈಕಲ್ಲು ತಾಗಿತೆಂದು ಮುದುಕನೊಬ್ಬನ ಅಂಗಿ ಹಿಡಿದು ಎಳೆದಾಡಿದ್ದ. ಇದನ್ನೆಲ್ಲ ಹೇಗೆ ಪತ್ತೆ ಹಚ್ಚಿದೆ ಎಂದು ನಾನು ಬಂದು ಹೇಳುವಾಗ ಸೌಂದರ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವಳೇ ಹಾಗೆ. ಎಂಥದ್ದಕ್ಕೂ ನಗುತ್ತಾಳೆ.

ಆದರೆ ಅಮ್ಮಿನಬಾವಿಯ ಕುಮಾರಸ್ವಾಮಿಯ ಸಂಬಂಧ ಬಂದಾಗ ಅವಳು ಅಡಿಗೆಮನೆಗೆ ಬಂದು ನನ್ನ ಕೈ ಹಿಡಿದಳು. ಹಿರಿಯರ ಒಪ್ಪಿಗೆಯಿಂದ ಇಬ್ಬರೂ ಫೋನಿನಲ್ಲಿ ಮಾತಾಡಿದ್ದರು.

"ಅತ್ತಿ, ನಂಗ ಅವನ ಮಾತು ಪಸಂದ ಬಂದಾವು. ನೀ ಚೌಕಶಿ ಮಾಡು, ಬ್ಯಾಡ ಅನ್ನಂಗಿಲ್ಲ. ಆದ್ರ ಇದೂ ಮುರದ್ರ ಮುಂದ ನಾ ಯಾರನ್ನೂ ನೋಡಂಗಿಲ್ಲ. ಜರಾ ಸಾವಕಾಶ ಮಾಡವಾ."

ಹುಡುಗಿಗೆ ಆಗಲೇ ಮನಸ್ಸಾಗಿದೆ ಎಂದು ತಿಳಿದು ನನ್ನ ಸಂಶಯ ಇನ್ನಷ್ಟು ಹೆಚ್ಚಾಯಿತು. ಎರಡು ಸಲ ಫೋನಿನಲ್ಲಿ ಮಾತಾಡಿ ಹುಡುಗಿಯನ್ನು ಒಲಿಸಿಕೊಂಡವನು ಎಂಥವನೋ ಯಾರಿಗೆ ಗೊತ್ತು?

ಕುಮಾರಸ್ವಾಮಿ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ. ವಿದ್ಯಾನಗರದಲ್ಲಿ ಮಹಡಿ ಮೇಲಿನ ಖೋಲಿಯೊಂದರಲ್ಲಿ ಬಾಡಿಗೆಗಿದ್ದ. ಆ ಓಣಿಯ ತುದಿಯಲ್ಲಿ ಇಸ್ತ್ರಿ ಮಾಡುವ ಮುಕ್ತಾರನನ್ನು ಮಾತಿಗೆಳೆದೆ.

"ಹುಡುಗ ಛಲೋ ಅದಾನ್ರಿ ಅಕ್ಕಾರ. ಆದ್ರ..."

ಈ 'ಆದ್ರ' ಇದೆಯಲ್ಲ, ಇದಕ್ಕಾಗಿಯೇ ನಾನು ಅಷ್ಟು ದೂರ ಬಸ್ಸು ಹತ್ತಿ ಹೋಗುವುದು.

"ಆದ್ರ ಸಂಜಿ ಆತಂದ್ರ ಹೊರಗ ಬರಂಗಿಲ್ರಿ. ಮಾಲಕರ ಮನ್ಯಾಗ ಟಿವಿ ಮುಂದ ಕುಂದರ್ತಾನ. ಒಳಗಿಂದ ಗುಂಡು ಹಾರಿಸಿದಂಗ ಸಪ್ಪಳ. ನಡುನಡುವ 'ಸತ್ತೆ, ಮತ್ತ ಸತ್ತೆ' ಅಂತ ಒದರ್ತಾನ."

ಜೂಜೇ ಇರಬೇಕು ಎಂದುಕೊಂಡೆ. ಫೋನಿನಲ್ಲಿ ಇಸ್ಪೀಟು ಆಡಿ ಮನೆ ಹಾಳು ಮಾಡಿಕೊಂಡವರನ್ನು ಕೇಳಿದ್ದೆ. ಇವನು ದೊಡ್ಡ ಟಿವಿಯಲ್ಲೇ ಆಡುತ್ತಾನೆ. ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಹೋದ ಮೊದಲ ದಿನವೇ ಕಸ ಕೈಗೆ ಹತ್ತಿತ್ತು.

ಮನೆಯ ಮಾಲಕಿ ಅಂಬಾಬಾಯಿ ನನಗೆ ಹಳೆಯ ಪರಿಚಯ. ಒಂದು ಕಾಲಕ್ಕೆ ಇಬ್ಬರೂ ಹೊಲಿಗೆ ಕ್ಲಾಸಿಗೆ ಹೋದವರು. ಆಮೇಲೆ ನಾನು ಎಲ್ಲಿದ್ದೇನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಮರುದಿನ ಹಳೆಯ ಸೀರೆಗಳ ಗಂಟು ಕಟ್ಟಿಕೊಂಡು ಅವಳ ಮನೆಗೆ ಹೋಗಿ, ಇಬ್ಬರೂ ಕೂಡಿ ಒಂದು ಕೌದಿ ಹೊಲಿಯೋಣ ಎಂದೆ. ಒಬ್ಬಳೇ ಇರುವ ಅಂಬಾಬಾಯಿಗೆ ಮಾತಿಗೆ ಜನ ಸಿಕ್ಕರೆ ಸಾಕಾಗಿತ್ತು. ಹುಡುಗ ಸಂಜೆ ಕೆಳಗೆ ಬಂದಾಗ ಅವಳು, "ಇವ ನಮ್ಮ ಮ್ಯಾಲಿನ ಖೋಲ್ಯಾಗಿನ ಹುಡುಗರಿ. ಅವನ ಆಟಕ್ಕ ನಮ್ಮ ಟಿವಿನೇ ಬೇಕಾಗ್ಯದ. ನನಗೂ ಮನ್ಯಾಗ ಗದ್ದಲ ಇದ್ರ ಛಲೋ ಅನಸ್ತದ," ಎಂದಳು. ನನ್ನನ್ನು ಉಣಕಲ್ಲಿನವಳೆಂದು ಪರಿಚಯ ಮಾಡಿಕೊಂಡೆ. ಕುಮಾರಸ್ವಾಮಿ ಬಗ್ಗಿ ನಮಸ್ಕಾರ ಮಾಡಿದ. ಇಷ್ಟು ಬಗ್ಗುವವರನ್ನು ನಾನು ನಂಬುವುದಿಲ್ಲ.

ಜೂಜಲ್ಲ ಅದು. ಪರದೆಯ ಮೇಲೆ ಬೆರಳುದ್ದದ ಒಬ್ಬ ಮನುಷ್ಯ, ತಲೆಗೊಂದು ದೀಪ ಕಟ್ಟಿಕೊಂಡು, ನೆಲದಡಿಯ ಒಂದೊಂದೇ ಅಂತಸ್ತು ಇಳಿಯುತ್ತ ಹೋಗುತ್ತಾನೆ. ಪ್ರತಿ ಕೋಣೆಯಲ್ಲೂ ಹುಳ ಹುಪ್ಪಡಿ, ಕಪ್ಪೆ, ಕಾಲು ಬಂದ ಕೊಡಗಳು. ಅವೆಲ್ಲ ನಾಲ್ಕೂ ಕಡೆಯಿಂದ ಕೆಂಪು ಗುಂಡು ಉಗುಳುತ್ತವೆ. ಇವನು ತಪ್ಪಿಸಿಕೊಳ್ಳಬೇಕು, ತಿರುಗಿ ಹೊಡೆಯಬೇಕು. ಸತ್ತರೆ ಮುಗಿಯಿತು, ಮತ್ತೆ ಮೇಲಿನ ಅಂತಸ್ತಿನಿಂದಲೇ ಶುರು. ಏಳು ಅಂತಸ್ತುಗಳಿವೆ ಎಂದು ತಿಳಿದ ಮೇಲೆ ನಾನು ಅವಕ್ಕೆ ಅತಲ, ವಿತಲ, ಸುತಲ ಎಂದು ಹೆಸರಿಟ್ಟೆ. ರಸಾತಲ ಮೊದಲೋ ಮಹಾತಲ ಮೊದಲೋ ಎಂದು ಅಂಬಾಬಾಯಿ ನನ್ನ ಜೊತೆ ಒಂದು ಸಂಜೆಯಿಡೀ ವಾದ ಮಾಡಿದಳು.

"ನೀವೂ ಒಂದು ಕೈ ನೋಡ್ರಿ ಅಕ್ಕಾರ," ಎಂದು ಕುಮಾರಸ್ವಾಮಿ ಆಟದ ಗುಂಡಿಗಳಿದ್ದ ಹಿಡಿಯನ್ನು ನನ್ನ ಕೈಗಿಟ್ಟ. ಹುಡುಗನ ಹತ್ತಿರ ಕೂತರೆ ಚೌಕಶಿಗೆ ಅನುಕೂಲ ಎಂದು ತೆಗೆದುಕೊಂಡೆ.

ಮೊದಲ ಕೋಣೆಯ ಬಾಗಿಲು ದಾಟುವ ಮೊದಲೇ ಸತ್ತೆ. ಎರಡನೆಯ ಸಲ ಗೋಡೆಗೆ ಮುಖ ಮಾಡಿ ನಿಂತು ಗುಂಡು ಹೊಡೆಯುತ್ತ, ಬೆನ್ನಿಗೆ ಗುಂಡು ಬಿದ್ದು ಸತ್ತೆ. ಒಂದು ಹೆಬ್ಬೆರಳು ನಡೆಯುವುದಕ್ಕೆ, ಇನ್ನೊಂದು ಗುರಿಯಿಡುವುದಕ್ಕೆ. ಎರಡೂ ಒಂದೇ ಕೈಯವೇನೋ ಎಂಬಂತೆ ಜಗಳ ಮಾಡುತ್ತಿದ್ದವು. ಮೂರನೆಯ ಸಲ ದಾರಿ ನೆನಪಿದೆ ಎಂದು ಬಲಕ್ಕೆ ಹೋದರೆ ಅಲ್ಲಿ ಬಾಗಿಲೇ ಇರಲಿಲ್ಲ!

"ಇದು ಮೋಸ ಐತಿ. ಆಗ ಇಲ್ಲೆ ಬಾಗಲಾ ಇತ್ತು," ಎಂದೆ.

"ಪ್ರತಿ ಸಲ ಖೋಲಿ ಬದಲಾಗ್ತಾವ್ರಿ. ಸಿಗೋ ಬಂದೂಕೂ ಬದಲಾಗ್ತಾವು. ಬಾಯಿಪಾಠ ಮಾಡಾಕ ಬರಂಗಿಲ್ಲ."

"ಮತ್ತ ಕಲಿಯೋದು ಹೆಂಗ?"

"ಕಣ್ಣು ಕಲೀತಾವ್ರಿ. ಆಮ್ಯಾಲ ಆ ಹುಳಾ ಸತ್ತಾಗ ಉದುರೂ ಬೀಜ ಆರಿಸಿಕೊಂಡ್ರ, ನೀವು ಸತ್ರೂ ಅವು ಉಳೀತಾವು. ಅವನ್ನ ಕೊಟ್ಟು ಮುಂದಿನ ಸಲಕ್ಕ ಹೊಸಾ ಬಂದೂಕು ತಗೊಬಹುದು."

ನಾನು ನಂಬಲಿಲ್ಲ. ಅವನೇ ಗುಟ್ಟಾಗಿ ಯಾವುದೋ ಗುಂಡಿ ಒತ್ತಿ ನನ್ನನ್ನು ಸಾಯಿಸುತ್ತಿದ್ದಾನೆ ಎನ್ನಿಸಿ, ಅವನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಳ್ಳಲು ಹೇಳಿದೆ. ಇಟ್ಟುಕೊಂಡ. ಆದರೂ ಸತ್ತೆ. ಸಿಟ್ಟು ನೆತ್ತಿಗೇರಿತು. "ಇನ್ನೊಮ್ಮೆ" ಎಂದೆ. ಅವತ್ತು ಕೌದಿಗೆ ಒಂದು ಹೊಲಿಗೆಯೂ ಬೀಳಲಿಲ್ಲ.

ಮರುದಿನ ಹೋದೆ, ಅದರ ಮರುದಿನವೂ ಹೋದೆ. ಮನೆಯಲ್ಲಿ ಚೌಕಶಿ ನಡೆದಿದೆ ಎಂದು ಹೇಳುತ್ತಿದ್ದೆ, ಅದು ಖರೇನೂ ಆಗಿತ್ತು. ಆದರೆ ಚಿಗರಿ ಬಸ್ಸಿನಲ್ಲಿ ಕೂತಾಗ ನನ್ನ ಹೆಬ್ಬೆರಳುಗಳು ತಾವೇ ಆಡುತ್ತಿದ್ದವು. ಒಂದು ಸಂಜೆ ಇದ್ದಕ್ಕಿದ್ದಂತೆ ಗುಟ್ಟು ತಿಳಿಯಿತು. ನಾನು ಗುಂಡುಗಳನ್ನು ನೋಡುತ್ತಿದ್ದೆ. ನೋಡಬೇಕಾದದ್ದು ಗುಂಡುಗಳ ನಡುವಿನ ಜಾಗವನ್ನು. ಹಬ್ಬದ ಹಿಂದಿನ ದಿನ ದುರ್ಗದಬೈಲಿನಲ್ಲಿ ಜನರ ಮುಖ ನೋಡುತ್ತ ನಿಂತರೆ ತಳ್ಳಿಸಿಕೊಳ್ಳುತ್ತೇವೆ, ಸಂದಿ ನೋಡಿ ನುಗ್ಗಿದರೆ ಬಳೆ ಅಂಗಡಿ ಮುಟ್ಟುತ್ತೇವೆ. ಹಾಗೆ ನುಗ್ಗಿದೆ. ಅತಲ ದಾಟಿತು, ವಿತಲ ದಾಟಿತು. ಸಾಸಿವೆ ಸಿಡಿದಂತೆ ಚಟಚಟ ಹಾರುವ ಬಂದೂಕೊಂದು ಸಿಕ್ಕು, ಕೊಡಗಳನ್ನೆಲ್ಲ ಒಡೆದು ಹಾಕಿದೆ. "ಹೊಡಿ ಅವನ್ನ!" ಎಂದು ನಾನೇ ಕೂಗಿದ್ದು ಮುಕ್ತಾರನ ಅಂಗಡಿಗೂ ಕೇಳಿಸಿತ್ತಂತೆ. ಈ ವಯಸ್ಸಿನಲ್ಲಿ ಮೈಯೆಲ್ಲ ಕಣ್ಣಾಗುವ ಅಂಥ ಸುಖ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಸತ್ತಾಗಲೂ ದುಃಖವಾಗಲಿಲ್ಲ. ಇನ್ನೊಮ್ಮೆ ಹುಟ್ಟುವ ಅವಸರವಷ್ಟೇ ಇತ್ತು.

ಆಮೇಲೆ ಇಬ್ಬರೂ ಜೋಡಿಯಾಗಿ ಆಡತೊಡಗಿದೆವು. ಅವನದು ಕೆಂಪು ದೀಪ, ನನ್ನದು ಹಸಿರು. ಒಬ್ಬರು ಬಿದ್ದರೆ ಇನ್ನೊಬ್ಬರು ಹತ್ತಿರ ಬಂದು ನಿಂತು ಎಬ್ಬಿಸಬಹುದು. ಎಬ್ಬಿಸುವಾಗ ಅವರು ಗುಂಡು ಹೊಡೆಯುವಂತಿಲ್ಲ, ಬಂದ ಪೆಟ್ಟು ತಿನ್ನಬೇಕು. ಕುಮಾರಸ್ವಾಮಿ ಪ್ರತಿ ಸಲವೂ ಬಂದು ನನ್ನನ್ನು ಎಬ್ಬಿಸುತ್ತಿದ್ದ. ನನ್ನ ದೆಸೆಯಿಂದ ಎಷ್ಟೋ ಸಲ ತಾನೂ ಸತ್ತ. "ಇರಲಿ ಬಿಡ್ರಿ," ಎಂದು ನಕ್ಕು ಮತ್ತೆ ಶುರು ಮಾಡುತ್ತಿದ್ದ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಮನೆಗೆ ಬಂದು, ಹುಡುಗ ಬಂಗಾರ ಎಂದು ಹೇಳುತ್ತಿದ್ದರು. ನನಗೆ ನಿದ್ದೆ ಬರಲಿಲ್ಲ. ಕಸವೇ ಇಲ್ಲದ ಹತ್ತಿ ಎಲ್ಲಾದರೂ ಇರುತ್ತದೆಯೇ? ಇವನಿಗೆ ನಾನು ಯಾರೆಂದು ಗೊತ್ತಾಗಿರಬೇಕು. ಗೊತ್ತಾಗಿಯೇ ನಾಟಕ ಆಡುತ್ತಿದ್ದಾನೆ. ದಿನಾ ಸೋಲುವ ಆಟದಲ್ಲಿ ಇನ್ನೊಮ್ಮೆ ಸೋತು ನಗುವುದು ದೊಡ್ಡ ಮಾತಲ್ಲ. ಕೈಗೆ ಬಂದದ್ದು ಬಾಯಿಗೆ ಬರದಂತಾದಾಗ ಏನು ಮಾಡುತ್ತಾನೆ? ಸೌಂದರ್ಯಾ ದಿನವೂ ನನ್ನ ಮುಖ ನೋಡುತ್ತಿದ್ದಳು. "ಇನ್ನೂ ನೋಡಾಕತ್ತೇನಿ," ಎಂದು ಹೇಳಿ ಒಳಗೆ ಹೋಗುತ್ತಿದ್ದೆ.

ಒಂದು ಸಲ ಸಹಜವೆಂಬಂತೆ ಕೇಳಿದೆ. "ಆಡಾಕತ್ತಾಗ ಕರೆಂಟ್ ಹೋದ್ರ ಹೆಂಗಪಾ?"

"ಎಲ್ಲಾ ಹೋದಂಗ್ರಿ. ಮತ್ತ ಮೊದಲಿಂದ."

ಆ ಶನಿವಾರ ಎಲ್ಲವೂ ಕೂಡಿ ಬಂತು. ಬಂದೂಕುಗಳು ಛಲೋ ಸಿಕ್ಕಿದ್ದವು. ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ ರಸಾತಲ ದಾಟಿ ಏಳನೆಯ ಅಂತಸ್ತಿಗೆ ಇಳಿದೆವು. "ನಾನೂ ಇಲ್ಲೀತನಕ ಬಂದಿದ್ದಿಲ್ರಿ ಅಕ್ಕಾರ," ಎಂದ ಕುಮಾರಸ್ವಾಮಿ. ಪಾತಾಳದ ನಡುವೆ ಗುಡ್ಡದಂಥ ಕಪ್ಪೆಯೊಂದು ಕಣ್ಣು ತೆರೆಯಿತು. ಅದು ಉಗುಳಿದ ಗುಂಡುಗಳಿಗೆ ಲೆಕ್ಕವೇ ಇರಲಿಲ್ಲ. ಆದರೂ ಸಂದಿ ಹುಡುಕಿದೆವು, ಹೊಡೆದೆವು. ಕಪ್ಪೆಯ ಜೀವದ ಪಟ್ಟಿ ಕರಗುತ್ತ ಕರಗುತ್ತ ಉಗುರಿನಷ್ಟು ಉಳಿಯಿತು. ಅಷ್ಟರಲ್ಲಿ ನನಗೆ ಪೆಟ್ಟು ಬಿತ್ತು. ಹಸಿರು ದೀಪ ನೆಲಕ್ಕೆ ಬಿತ್ತು.

ಅವನು ಆಗ ಕಪ್ಪೆಯನ್ನು ಒಬ್ಬನೇ ಮುಗಿಸಬಹುದಾಗಿತ್ತು. ಹಾಗೆ ಮಾಡಲಿಲ್ಲ. "ತಡೀರಿ, ನಿಮ್ಮನ್ನ ಎಬ್ಬಸ್ತೇನಿ. ಇಬ್ರೂ ಕೂಡಿ ಮುಗಸೋಣು," ಎಂದು ಗುಂಡುಗಳ ನಡುವೆ ಹಾದು ನನ್ನತ್ತ ಬರತೊಡಗಿದ.

ನನ್ನ ಕೈಗಳಿಗೆ ಆಗ ಕೆಲಸವಿರಲಿಲ್ಲ. ಟಿವಿಗೂ ಆಟದ ಡಬ್ಬಿಗೂ ಒಂದೇ ಆಗಿದ್ದ ಸ್ವಿಚ್ಚು ನಾನು ಕೂತ ಕುರ್ಚಿಯ ಪಕ್ಕದ ಗೋಡೆಯಲ್ಲಿತ್ತು. ನೋಡಬೇಕಾದದ್ದನ್ನು ನೋಡಲು ಇದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಸಿಗದು ಎಂದು ಮನಸ್ಸು ಹೇಳಿತು. ಬೇಡ ಎಂದು ಹೇಳಿದ್ದೂ ಅದೇ ಮನಸ್ಸು. ಆ ಕಪ್ಪೆ ಬೀಳುವುದನ್ನು ನೋಡಲು ನನಗೂ ಜೀವ ತುಡಿಯುತ್ತಿತ್ತು. ಆದರೂ ಒತ್ತಿದೆ.

ಪರದೆ ಕಪ್ಪಾಯಿತು. ಫ್ಯಾನು ಮಾತ್ರ ತಿರುಗುತ್ತಲೇ ಇತ್ತು. ಕುಮಾರಸ್ವಾಮಿ ಟಿವಿಯನ್ನು ನೋಡಿದ, ತಲೆಯೆತ್ತಿ ಫ್ಯಾನನ್ನು ನೋಡಿದ, ಆಮೇಲೆ ಸ್ವಿಚ್ಚಿನ ಮೇಲಿದ್ದ ನನ್ನ ಬೆರಳನ್ನು ನೋಡಿದ. ಅವನ ಮುಖ ಕೆಂಪಾಗಿ, ಮೆಲ್ಲಗೆ ಇಳಿಯಿತು. ನಾನು ಹುಬ್ಬು ಗಂಟಿಕ್ಕಿ ಕಾದೆ. ಅವನು ಕೈಯಲ್ಲಿದ್ದುದನ್ನು ಸದ್ದಾಗದಂತೆ ಟೀಪಾಯಿಯ ಮೇಲಿಟ್ಟ.

"ಕರೆಂಟ್ ಹೋತೇನೋ?" ಎಂದು ಅಂಬಾಬಾಯಿ ಅಡಿಗೆಮನೆಯಿಂದ ಕೇಳಿದಳು.

"ಇಲ್ರಿ ಕಾಕು, ವೈರ್ ಸಡ್ಲ ಆಗಿತ್ತು," ಎಂದ.

ನನ್ನನ್ನು ಬಸ್ ಸ್ಟಾಪಿಗೆ ಬಿಡಲು ಬರುತ್ತೇನೆಂದು ಜೊತೆಗೆ ಹೊರಟ. ಗೇಟು ದಾಟಿದ ಮೇಲೆ ನಿಂತ.

"ನೀವು ಗಬ್ಬೂರಿನವರು, ಹೌದಲ್ರಿ? ಸೌಂದರ್ಯಾನ ಅತ್ತಿ."

"ಗೊತ್ತಿತ್ತೇನು ನಿನಗ?"

"ಈಗ ಗೊತ್ತಾತ್ರಿ. ಚೌಕಶಿ ಮಾಡೋ ಅತ್ತಿ ಒಬ್ರು ಅದಾರ ಅಂತ ಆಕಿ ಫೋನಿನ್ಯಾಗ ನಕ್ಕೋಂತ ಹೇಳಿದ್ಲು. ಉಣಕಲ್ಲಿನ ಗೌರಕ್ಕಾರು ಸ್ವಿಚ್ ತಗಿಯೂ ಮಂದಿ ಅಲ್ಲ. ಅವರಿಗೆ ಆಟ ಅಂದ್ರ ಜೀವ."

"ನೀ ಛಲೋ ಹುಡುಗ ಅದಿಯಪಾ. ಹಂಗಽ ಹೋಗಿ ಹೇಳ್ತೇನಿ," ಎಂದೆ.

"ಹೇಳ್ರಿ. ಆದ್ರ ನೀವು ಏನು ಮಾಡಿದ್ರಿ ಅನ್ನೋದನ್ನೂ ಹೇಳ್ರಿ. ಆಕಿ ಅದನ್ನ ಕೇಳಿ ನಕ್ಕಳಂದ್ರ, ನಾ ಮುಂದ ಬರಂಗಿಲ್ಲ. ನಿಮ್ಮ ಮನ್ಯಾಗ ಇದು ದಿನಾ ನಡಿಯೂ ಚ್ಯಾಷ್ಟಿ ಅಂತ ತಿಳ್ಕೊತೇನಿ. ಜೀವನಪೂರ್ತಿ ಯಾರರ ನನ್ನ ಪರೀಕ್ಷಾ ಮಾಡ್ಕೋಂತ ಕುಂತ್ರ ನನಗ ತಡಕೊಳ್ಳಾಕ ಆಗಂಗಿಲ್ರಿ. ಆಕಿಗೆ ಸಿಟ್ಟು ಬಂತಂದ್ರ ನಾಳೆನಽ ನಮ್ಮ ಅಪ್ಪನ್ನ ಕರಕೊಂಡು ಬರ್ತೇನಿ. ಈ ಮಾತು ಮಾತ್ರ ಆಕಿಗೆ ಮೊದಲ ಹೇಳಬ್ಯಾಡ್ರಿ."

"ನಾ ಬಂದು ಸುಳ್ಳು ಹೇಳಿದ್ರ?"

"ನೀವು ಏನು ಹೇಳ್ತೀರೋ ಅದನ್ನಽ ನಂಬ್ತೇನಿ. ಯಾರರ ಒಬ್ರು ನಂಬಾಕ ಸುರು ಮಾಡಬೇಕಲ್ರಿ."

ಬಸ್ಸು ಬಂತು. ಅವನು ನನ್ನ ಕೌದಿಯ ಗಂಟನ್ನು ಎತ್ತಿಕೊಟ್ಟ.

ದಾರಿಯುದ್ದಕ್ಕೂ ನನ್ನ ಬುದ್ಧಿ ತನ್ನ ಕೆಲಸ ಮಾಡಿತು. ಸೌಂದರ್ಯಾ ನಗುತ್ತಾಳೆ, ನಗದೆ ಇರುವವಳಲ್ಲ. ನನ್ನ ಚೌಕಶಿಯ ಕಥೆಗೆ ಅವಳನ್ನು ನಗುವ ಹಾಗೆ ಬೆಳೆಸಿದವಳು ನಾನೇ. ಮೊದಲೇ ಸೂಚನೆ ಕೊಡಬಹುದು. ಅಥವಾ ಏನೂ ಹೇಳದೆ, ನಾಳೆ ಹೋಗಿ ಹುಡುಗಿ ಬಹಳ ಸಿಟ್ಟಾದಳೆಂದು ಹೇಳಬಹುದು. ಯಾರೂ ಪತ್ತೆ ಹಚ್ಚಲಾರರು. ಬೇರೆ ಯಾರೇ ಆಗಿದ್ದರೂ ನನ್ನ ಮೇಲೆ ಕಣ್ಣಿಟ್ಟಿರುತ್ತಿದ್ದರು, ನಾನೂ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದೆ. ಇವನು ನಂಬುತ್ತೇನೆ ಎಂದುಬಿಟ್ಟಿದ್ದ. ಅದೊಂದು ಮಾತಿನಿಂದ ನನ್ನ ಕೈಕಾಲು ಕಟ್ಟಿದಂತಾಗಿತ್ತು. ಅವನ ಮೇಲೆ ಸಿಟ್ಟೂ ಬಂತು.

ಮನೆ ತಲುಪಿದಾಗ ಸೌಂದರ್ಯಾ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನನ್ನನ್ನು ಕಂಡು ಕೈಯಲ್ಲಿನ ಬಟ್ಟೆ ಹಾಗೇ ಹಿಡಿದು ನಿಂತಳು.

"ಹುಡುಗ ಛಲೋ ಅದಾನ," ಎಂದೆ. ಅವಳ ಮುಖ ಅರಳಿತು. "ತಡಿ, ಪೂರಾ ಕೇಳು."

ಇದ್ದದ್ದು ಇದ್ದ ಹಾಗೆ ಹೇಳಿದೆ. ಉಣಕಲ್ಲಿನವಳೆಂದು ಸುಳ್ಳಾಡಿದ್ದು, ಮೊದಲ ಕೋಣೆಯಲ್ಲೇ ಸತ್ತದ್ದು, ಅವನ ಕೈಗಳನ್ನು ಮಡಿಲಲ್ಲಿ ಇಡಿಸಿದ್ದು. ಅಲ್ಲಿಗೆ ಬಂದಾಗ ಅವಳು ಕಿಸಕ್ಕನೆ ನಕ್ಕಳು. ಆದರೆ ಸ್ವಿಚ್ಚಿನ ಮಾತು ಇನ್ನೂ ಬಂದಿರಲಿಲ್ಲ. ಮುಂದಕ್ಕೆ ಹೇಳಿದೆ. ಪಾತಾಳ, ಕಪ್ಪೆ, ನಾನು ಬಿದ್ದದ್ದು, ಅವನು ತಿರುಗಿ ಬಂದದ್ದು. ಅವಳು ಇನ್ನೂ ನಗುಮುಖದಲ್ಲೇ ಕೇಳುತ್ತಿದ್ದಳು. ಸ್ವಿಚ್ಚು ಒತ್ತಿದೆ ಎಂದೆ.

"ಬಂದ್ ಮಾಡಿದಿ?"

"ಮಾಡಿದೆ."

"ಅವ ನಿನ್ನ ಎಬ್ಬಸಾಕ ಬಂದಾಗ?"

"ಹೂಂ."

ನಾನು ಅವಳ ತುಟಿಗಳನ್ನೇ ನೋಡುತ್ತಿದ್ದೆ. ಅವು ಅದುರಿದವು. ನಗುವಿಗೋ ಅಳುವಿಗೋ ತಿಳಿಯಲಿಲ್ಲ. ಅವಳು ಹಿಡಿದಿದ್ದ ಬಟ್ಟೆಗಳನ್ನು ನೆಲಕ್ಕೆ ಒಗೆದಳು.

"ನಾಚಿಕಿ ಬರಲಿಲ್ಲೇನು ಅತ್ತಿ ನಿನಗ? ಒಬ್ಬ ಮನಶ್ಯಾ ನಿನ್ನ ಸಲುವಾಗಿ ಗುಂಡು ತಿನಕೋಂತ ಬರಾಕತ್ತಾನ, ನೀ ಅವನ ಕಣ್ಣಿಗೆ ಕತ್ತಲಿ ಹಾಕಿದೇನು? ಅವ ನಿನಗೇನು ಕೆಟ್ಟ ಮಾಡಿದ್ದ? ಒಬ್ಬರ ಮ್ಯಾಲ ನಂಬಿಗಿ ಬರಾಕ ನಿನಗ ಇನ್ನೂ ಏನೇನು ಬೇಕು? ನಾಳೆ ನಾ ಆ ಮನಿಗೆ ಹೋದ್ರ ಅಲ್ಲಿಗೂ ಬಂದು ಹಿಂಗಽ ಮಾಡ್ತೀಯೇನು? ಇಷ್ಟು ದಿನಾ ನಾನೂ ನಕ್ಕೇನಲ್ಲ, ನನ್ನ ಬುದ್ಧಿಗೆ ಏನಾಗಿತ್ತೋ! ಇನ್ನ ಮ್ಯಾಲೆ ನನ್ನ ಮದುವಿ ಮಾತಿನ್ಯಾಗ ನೀ ಬಾಯಿ ಹಾಕಬ್ಯಾಡ!"

ಆ ಮನೆಯಲ್ಲಿ ನನ್ನನ್ನು ಯಾರೂ ಹಾಗೆ ಬೈದದ್ದಿಲ್ಲ. ದ್ಯಾಮಣ್ಣ ಗಾಬರಿಯಾಗಿ ಅರ್ಧ ಮೆಟ್ಟಿಲು ಹತ್ತಿ ಬಂದು ಅಲ್ಲೇ ನಿಂತುಬಿಟ್ಟ. ಒಂದೊಂದು ಮಾತೂ ನನ್ನ ಎದೆಗೆ ನೆಟ್ಟಗೆ ನಾಟುತ್ತಿತ್ತು, ಖರೇ ಮಾತುಗಳಲ್ಲವೇ. ಆದರೂ ಅವಳು ನಗಲಿಲ್ಲವಲ್ಲ ಎಂದು ನನ್ನ ಕಣ್ಣಿಂದ ನೀರು ಇಳಿಯತೊಡಗಿತು.

"ಅತ್ತು ತಪ್ಪಿಸ್ಕೋಬ್ಯಾಡ!" ಎಂದು ಅವಳು ಮತ್ತೂ ಜೋರು ಮಾಡಿದಳು.

ನಾನು ಬಟ್ಟೆಗಳ ನಡುವೆ ಕೂತುಕೊಂಡೆ.

"ಬೈಯವಾ," ಎಂದೆ. "ಇನ್ನೂ ಬೈ."